ಸಗಣಿ, ದಾರ, ನಾಣ್ಯ: ಕರ್ನಾಟಕದ ಸಮಕಾಲೀನ ಕಲೆಯಲ್ಲಿ ಅಪರೂಪದ ಸಾಮಗ್ರಿ ಮತ್ತು ವಿನೋದ

ಪೀಠಿಕೆ

ಕಲೆಯ ಇತಿಹಾಸವನ್ನು ಸಾಮಾನ್ಯವಾಗಿ ರಾಜಮನೆತನಗಳ, ಶೈಲಿಗಳ ಅಥವಾ ಕಲಾವಿದರ ಇತಿಹಾಸವಾಗಿ ಬರೆಯುವುದು ರೂಢಿ. ಇದೇ ಇತಿಹಾಸವನ್ನು ಸಾಮಗ್ರಿಯ ದೃಷ್ಟಿಯಿಂದ ಬರೆಯುವ ಪ್ರಯತ್ನಗಳು ಕನ್ನಡದಲ್ಲಿ ವಿರಳ. ಕಲಾವಿದನು ಯಾವುದರಿಂದ ಕೃತಿಯನ್ನು ಮಾಡಿದನು, ಆ ವಸ್ತು ಅವನ ಕೈಗೆ ಎಲ್ಲಿಂದ ಬಂದಿತು, ಅದನ್ನು ಅವನಿಗಿಂತ ಮೊದಲು ಯಾರು ಮುಟ್ಟಿದ್ದರು ಎಂಬ ಪ್ರಶ್ನೆಗಳು ಕೃತಿಯ ಅರ್ಥಕ್ಕೆ ಹೊರಗಿನವು ಎಂಬ ಭಾವನೆ ಬಹುಕಾಲ ಇತ್ತು. ಕಳೆದ ಮೂರು ದಶಕಗಳ ಕರ್ನಾಟಕದ ಕಲೆ ಈ ಭಾವನೆಯನ್ನು ಅಲುಗಾಡಿಸಿದೆ. ಸಗಣಿ, ಕುಂಕುಮ, ಸೂಜಿ, ತಲೆಗೂದಲು, ಡಾಂಬರಿನ ಪೀಪಾಯಿ, ಚಲಾವಣೆಯ ನಾಣ್ಯ, ಹೊಲಿಗೆ ಯಂತ್ರ, ಗುಜರಿಯ ರೇಡಿಯೋ, ಕೊನೆಗೆ ರಸ್ತೆಯ ಗುಂಡಿಯೂ ಇಲ್ಲಿ ಕಲೆಯ ಸಾಮಗ್ರಿಯಾಗಿವೆ. ಇವುಗಳಲ್ಲಿ ಅನೇಕ ಕೃತಿಗಳು ನೋಡುಗನನ್ನು ಮೊದಲು ಅಚ್ಚರಿಗೊಳಿಸುತ್ತವೆ, ಕೆಲವು ನಗಿಸುತ್ತವೆ. ಯೋಚನೆ ಆಮೇಲೆ ಬರುತ್ತದೆ.

ಈ ಪ್ರವೃತ್ತಿಯನ್ನು ಪಾಶ್ಚಾತ್ಯ ಪ್ರಭಾವವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರಿದ್ದಾರೆ. ಆ ಪ್ರಭಾವ ನಿಜವಾದರೂ ಅಷ್ಟೇ ನಿಜವಲ್ಲ. ನಾಡಿನ ಒಳಭಾಗದಲ್ಲಿ, ವಿಶೇಷವಾಗಿ ತುಂಗಭದ್ರೆಯ ಬಲದಂಡೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯಲ್ಲಿ ಸಾಮಗ್ರಿಯ ಬಗೆಗೆ ಇರುವ ತಿಳಿವಳಿಕೆಯನ್ನು ಗಮನಿಸಿದರೆ, ನಗರದ ಕಲಾಶಾಲೆಗಳಲ್ಲಿ ಹೊಸತೆನಿಸಿದ್ದು ಹಳ್ಳಿಯ ಅಂಗಳದಲ್ಲಿ ಎಷ್ಟೋ ಹಳೆಯದು ಎಂಬುದು ಕಂಡುಬರುತ್ತದೆ. ಇವೆರಡರ ನಡುವಣ ಸಂಬಂಧವನ್ನೂ ವ್ಯತ್ಯಾಸವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐದು ತಾಲ್ಲೂಕುಗಳ ಹಿನ್ನೆಲೆ

ಈ ಐದು ತಾಲ್ಲೂಕುಗಳ ಆಡಳಿತ ಚರಿತ್ರೆ ಹಲವು ಸಲ ಬದಲಾಗಿದೆ. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಪ್ರದೇಶ ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ಅದರಲ್ಲಿ ಸೇರಿದವು. ಆಡಳಿತ ಹೀಗೆ ಬದಲಾದರೂ ಇಲ್ಲಿನ ಜನರ ಕೈಕಸುಬಿನ ಹಾಗೂ ಆಚರಣೆಗಳ ಲೋಕದಲ್ಲಿ ಒಂದು ಅವಿಚ್ಛಿನ್ನತೆ ಇದೆ.

ಸಾಮಗ್ರಿಯ ಬದಲಾವಣೆಯಿಂದ ಕಲೆ ಬದಲಾದುದಕ್ಕೆ ಈ ಸೀಮೆಯ ದೇವಾಲಯಗಳಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದಾಗ ತುಂಗಭದ್ರೆಯ ಆಸುಪಾಸಿನ ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳು ಈ ಪರಂಪರೆಗೆ ಸೇರಿದವು. ಬಳಪದ ಕಲ್ಲು ಮೃದು, ಉಳಿಗೆ ಬಾಗುತ್ತದೆ. ಹಿಂಬದಿಯನ್ನೂ ಕೊರೆದು ರೂಪವನ್ನು ಗೋಡೆಯಿಂದ ಬಿಡಿಸುವುದು, ಕಂಬವನ್ನು ತಿರುಗಣೆಗೆ ಹಚ್ಚಿ ಬಳೆಬಳೆಯಾಗಿ ಕಡೆಯುವುದು ಈ ಕಲ್ಲಿನಿಂದ ಸುಲಭವಾಯಿತು. ಕುರುವತ್ತಿಯ ಬಾಗಿಲ ಬಳಿಯ ಮದನಿಕೆಯರ ಬಳುಕು, ಅವರ ಸುತ್ತ ಹೆಣೆದ ಬಳ್ಳಿಯ ಜಾಲ ಮರಳುಗಲ್ಲಿನಲ್ಲಿ ಕಷ್ಟಸಾಧ್ಯ. ಹೊಯ್ಸಳರ ಬೇಲೂರಿನ ಮದನಿಕೆಯರಿಗೆ ಇವು ಪೂರ್ವರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಶಾಸ್ತ್ರೀಯವೆಂದು ಮಾನ್ಯವಾಗಿರುವ ಈ ಕಲ್ಲೂ ತನ್ನ ಕಾಲದಲ್ಲಿ ಒಂದು ಹೊಸ ಸಾಮಗ್ರಿಯೇ ಆಗಿತ್ತು ಎಂಬುದು ಇಲ್ಲಿ ಮುಖ್ಯ.

ಕಲ್ಲಿನ ಕಲೆ ಉಳಿಯುವ ಕಲೆ. ಅದರ ಪಕ್ಕದಲ್ಲಿಯೇ ಉಳಿಯಬಾರದೆಂದೇ ಮಾಡುವ ಕಲೆಯೊಂದು ಇದೇ ಊರುಗಳಲ್ಲಿದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣಿನಿಂದ ಜೋಡಿ ಎತ್ತುಗಳನ್ನೂ ಅವಕ್ಕೆ ಗೋದಲಿಯನ್ನೂ ಮಾಡುತ್ತಾರೆ. ಪೂಜೆ ಮುಗಿದ ಬಳಿಕ ಅವು ಮಕ್ಕಳ ಆಟಕ್ಕೆ ಬರುತ್ತವೆ. ಎತ್ತೊಂದು ಕುಂಟಾಯಿತೆಂದು ಹಾಡಿಕೊಂಡು ಮನೆಮನೆಯಲ್ಲಿ ಕಾಳು, ಕಾಸು ಬೇಡುವ ವಿನೋದವೂ ಅದರಲ್ಲಿ ಸೇರಿದೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಗುಲಗಂಜಿಯಿಂದ ಸಿಂಗರಿಸುತ್ತಾರೆ. ಭಾದ್ರಪದದಲ್ಲಿ ಜೋಕುಮಾರನ ಮಣ್ಣಿನ ಮೂರ್ತಿ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು, ತುಟಿಗೆ ಬೆಣ್ಣೆ ಸವರಿಸಿಕೊಂಡು ಊರು ತಿರುಗುತ್ತದೆ. ಹುಣ್ಣಿಮೆಗೆ ಅವನ ಸಾವು. ದೀಪಾವಳಿಯ ಪಾಡ್ಯದಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನೋ ಹಟ್ಟಿ ಲಕ್ಕವ್ವನನ್ನೋ ಮಾಡಿ, ಚೆಂಡುಹೂ, ಉತ್ತರಾಣಿ ಕಡ್ಡಿಗಳನ್ನು ಸಿಕ್ಕಿಸುತ್ತಾರೆ. ಒಣಗಿದ ಮೇಲೆ ಆ ಸಗಣಿ ಮತ್ತೆ ಮನೆಯ ಬಳಕೆಗೆ ಮರಳುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯಲು ಗೊರವಯ್ಯ ಬಿಲ್ಲನ್ನೇರುತ್ತಾನೆ. ಕರಿಕಂಬಳಿ, ಡಮರುಗ, ಭಂಡಾರ, ಎಡೆ ಹಾಕುವ ದೋಣಿ ಇವಿಷ್ಟರಿಂದ ಗೊರವರು ಒಂದು ಪೂರ್ಣ ದೃಶ್ಯವನ್ನು ಕಟ್ಟುತ್ತಾರೆ. ದೇವರ ನಾಯಿಗಳಾಗಿ ದೋಣಿಯಲ್ಲಿನ ಎಡೆಗೆ ಬಾಯಿ ಹಾಕುವಾಗ ಭಕ್ತಿ ಯಾವುದು, ಆಟ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವೂ ಇಂತಹುದೇ. ಹದ ಮಾಡಿದ ಚರ್ಮಕ್ಕೆ ಬಣ್ಣ ಹಚ್ಚಿ, ಬೆಳಕಿಗೆ ಹಿಡಿದು ಕಥೆಯಾಗಿಸುವ ಈ ಕಲೆಯಲ್ಲಿ ರಾಮಾಯಣ, ಭಾರತಗಳ ಜೊತೆಗೆ ಸ್ವಾತಂತ್ರ್ಯ ಸಂಗ್ರಾಮ ಹಾಗೂ ಗಾಂಧೀಜಿಯವರ ಚರಿತ್ರೆಯನ್ನೂ ತಂದವರು ಬೆಳಗಲ್ಲು ವೀರಣ್ಣ. ೨೦೨೩ರಲ್ಲಿ ನಿಧನರಾದ ಅವರು ಹಳೆಯ ಸಾಮಗ್ರಿಯಲ್ಲಿ ಹೊಸ ವಸ್ತುವನ್ನು ಹೇಳಬಹುದೆಂದು ತೋರಿಸಿದರು.

ಈ ಆಚರಣೆಗಳಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಕೈಗೆ ಸಿಗುವ ಯಾವ ವಸ್ತುವೂ ರೂಪ ತಾಳಲು ಅನರ್ಹವಲ್ಲ. ಎರಡು, ಮಾಡಿದ್ದು ಅಳಿದುಹೋಗುವುದು ದೋಷವಲ್ಲ. ಮುಂದಿನ ವರ್ಷ ಮತ್ತೆ ಮಾಡಲು ಅದು ಕಾರಣ. ಮೂರು, ವಿನೋದವು ಪೂಜ್ಯತೆಗೆ ವಿರುದ್ಧವಲ್ಲ. ಸಮಕಾಲೀನ ಕಲೆಯನ್ನು ಕುರಿತ ಚರ್ಚೆಯಲ್ಲಿ ಈ ಮೂರೂ ಮತ್ತೆ ಮತ್ತೆ ಎದುರಾಗುತ್ತವೆ.

ಆಧುನಿಕ ಹಿನ್ನೆಲೆ ಮತ್ತು ಕಲಾಶಾಲೆಗಳು

ಯುರೋಪಿನಲ್ಲಿ ಪಿಕಾಸೊ ಮತ್ತು ಬ್ರಾಕ್ ೧೯೧೨ರ ಸುಮಾರಿಗೆ ಪತ್ರಿಕೆಯ ತುಣುಕು, ಗೋಡೆಕಾಗದಗಳನ್ನು ಚಿತ್ರಕ್ಕೆ ಅಂಟಿಸಿದರು. ೧೯೧೭ರಲ್ಲಿ ಮಾರ್ಸೆಲ್ ದ್ಯುಶಾಂ ಪಿಂಗಾಣಿಯ ಮೂತ್ರಪಾತ್ರೆಯೊಂದನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಶಿಲ್ಪವೆಂದು ಕಳುಹಿಸಿದನು. ೧೯೬೭ರಲ್ಲಿ ಇಟಲಿಯ ವಿಮರ್ಶಕ ಜರ್ಮಾನೊ ಚೆಲಾಂತ್ ಮಣ್ಣು, ಚಿಂದಿ, ಕಲ್ಲಿದ್ದಲುಗಳಿಂದ ಮಾಡಿದ ಕೃತಿಗಳಿಗೆ ‘ಬಡ ಕಲೆ’ ಎಂಬ ಹೆಸರು ಕೊಟ್ಟನು. ಭಾರತದಲ್ಲಿ ನೇಕ್‌ಚಂದ್ ಚಂಡೀಗಢದಲ್ಲಿ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕಟ್ಟಿದ ಶಿಲಾ ಉದ್ಯಾನ ೧೯೭೬ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬರೋಡ ಮತ್ತು ಶಾಂತಿನಿಕೇತನಗಳಲ್ಲಿ ಬೋಧಿಸಿದ ಕೆ.ಜಿ. ಸುಬ್ರಮಣ್ಯನ್ ಮರ, ತೊಗಲು, ಮಣಿಗಳಿಂದ ಆಟಿಕೆಗಳನ್ನು ಮಾಡಿ, ಕುಶಲಕರ್ಮಿಗಳ ಜ್ಞಾನವನ್ನು ಕಲಾಶಿಕ್ಷಣದ ಒಳಕ್ಕೆ ತಂದರು. ಕರ್ನಾಟಕದ ಅನೇಕ ಕಲಾವಿದರು ಈ ಎರಡು ಕೇಂದ್ರಗಳಲ್ಲಿ ಉನ್ನತ ಶಿಕ್ಷಣ ಪಡೆದವರೆಂಬುದನ್ನು ನೆನಪಿಡಬೇಕು.

ರಾಜ್ಯದೊಳಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಬೆಳೆದ ಕರ್ನಾಟಕ ಚಿತ್ರಕಲಾ ಪರಿಷತ್ತು, ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಗಳು ಹೊಸ ಪೀಳಿಗೆಯನ್ನು ರೂಪಿಸಿದವು. ತೊಂಬತ್ತರ ದಶಕದ ಆರಂಭದಲ್ಲಿ ಈ ಪೀಳಿಗೆ ಎರಡು ಬದಲಾವಣೆಗಳನ್ನು ಏಕಕಾಲಕ್ಕೆ ಎದುರಿಸಿತು. ೧೯೯೧ರ ಆರ್ಥಿಕ ಉದಾರೀಕರಣದಿಂದ ಬೆಂಗಳೂರಿನ ಸ್ವರೂಪವೇ ಬದಲಾಗತೊಡಗಿತು. ೧೯೯೨ರ ಡಿಸೆಂಬರಿನಲ್ಲಿ ಬಾಬ್ರಿ ಮಸೀದಿಯ ಧ್ವಂಸ ಹಾಗೂ ಅನಂತರದ ಗಲಭೆಗಳು ದೇಶವನ್ನು ಕಲಕಿದವು. ಚೌಕಟ್ಟಿನೊಳಗಿನ ತೈಲವರ್ಣಕ್ಕೆ ಇವನ್ನು ಹೇಳುವ ಶಕ್ತಿ ಉಳಿದಿಲ್ಲವೆಂದು ಕೆಲವರಿಗಾದರೂ ತೋರಿತು. ಪ್ರತಿಷ್ಠಾಪನಾ ಕಲೆ ಇಲ್ಲಿ ನೆಲೆಗೊಂಡದ್ದು ಈ ಸಂದರ್ಭದಲ್ಲಿ.

ಶೀಲಾ ಗೌಡ: ಸಗಣಿಯಿಂದ ಕೂದಲಿನವರೆಗೆ

೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದವರು. ಅವರ ತಂದೆ ಜನಪದ ಗೀತೆಗಳನ್ನೂ ವಸ್ತುಗಳನ್ನೂ ಸಂಗ್ರಹಿಸಿದವರು. ತೈಲವರ್ಣದಲ್ಲಿ ಕೆಲಸ ಮಾಡುತ್ತಿದ್ದ ಶೀಲಾ ಅವರು ೧೯೯೨ರ ಘಟನೆಗಳ ಅನಂತರ ಸಗಣಿಯನ್ನು ಕೈಗೆತ್ತಿಕೊಂಡರು. ಸಗಣಿ ಪವಿತ್ರ ಹೌದು, ಹೊಲಸೂ ಹೌದು; ನೆಲ ಸಾರಿಸಲು, ಒಲೆ ಉರಿಸಲು, ಕ್ರಿಮಿ ತಡೆಯಲು ಬಳಕೆಯಾಗುವ ಅದು ಹೆಣ್ಣಿನ ದಿನದ ದುಡಿಮೆಯ ಗುರುತೂ ಹೌದು. ಗೋವು ರಾಜಕೀಯದ ಲಾಂಛನವಾಗುತ್ತಿದ್ದ ಕಾಲದಲ್ಲಿ ಅದರ ಸಗಣಿಯನ್ನು ಇಟ್ಟಿಗೆಯಾಗಿ ತಟ್ಟಿ, ನಡುವೆ ಕುಂಕುಮದ ಗೆರೆ ಎಳೆದು ನೆಲದ ಮೇಲಿಟ್ಟ ೧೯೯೬ರ ಕೃತಿಯಲ್ಲಿ ಘೋಷಣೆಯಿಲ್ಲ. ಸಾಮಗ್ರಿಯೇ ಮಾತನಾಡುತ್ತದೆ.

೧೯೯೮ರಲ್ಲಿ ಅವರು ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿಯನ್ನು ರಚಿಸಿದರು. ಸೂಜಿಯ ಕಣ್ಣಿನಲ್ಲಿ ಉದ್ದನೆಯ ದಾರವನ್ನು ಪೋಣಿಸಿ, ಅಂತಹ ಅನೇಕ ದಾರಗಳನ್ನು ಒಟ್ಟುಗೂಡಿಸಿ, ಅಂಟು ಹಾಗೂ ಕುಂಕುಮದಿಂದ ಲೇಪಿಸಿದಾಗ ಕೆಂಪು ಹಗ್ಗವೊಂದು ಸಿದ್ಧವಾಗುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಹಗ್ಗ ಕೋಣೆಯ ಗೋಡೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹರಿಯುತ್ತದೆ. ದೂರದಿಂದ ಅದು ಗಾಳಿಯಲ್ಲಿ ಎಳೆದ ರೇಖಾಚಿತ್ರ. ಹತ್ತಿರದಿಂದ ಕರುಳು, ಹೊಕ್ಕುಳಬಳ್ಳಿ, ಗಾಯದ ಹೊಲಿಗೆ. ಇಲ್ಲಿ ಹೊಲಿಗೆಯೆಂಬ ಮನೆಗೆಲಸದ ತಾಳ್ಮೆ ಮೊದಲು ಎದ್ದು ಕಾಣುತ್ತದೆ. ನೋವು ಆ ತಾಳ್ಮೆಯ ಒಳಗಿದೆ.

ಮುಂದಿನ ಕೃತಿಗಳಲ್ಲಿ ಸಾಮಗ್ರಿ ಮನೆಯಿಂದ ಬೀದಿಗೆ ಬರುತ್ತದೆ. ರಸ್ತೆ ಕಾಮಗಾರಿಯ ಕೂಲಿಕಾರರು ಖಾಲಿ ಡಾಂಬರು ಪೀಪಾಯಿಗಳನ್ನು ಬಡಿದು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದು ಕರ್ನಾಟಕದ ಹೆದ್ದಾರಿಗಳಲ್ಲಿ ಕಂಡ ದೃಶ್ಯ. ೨೦೦೬ರ ‘ಡಾರ್ಕ್‌ರೂಮ್’ ಕೃತಿಯಲ್ಲಿ ಅದೇ ಪೀಪಾಯಿಗಳಿಂದ ಕೋಟೆಯಂತಹ ಕೋಣೆಯನ್ನು ಕಟ್ಟಲಾಗಿದೆ. ಬಗ್ಗಿ, ತೆವಳಿ ಒಳಹೊಕ್ಕವನು ಮೇಲೆ ನೋಡಿದರೆ ತಗಡಿನ ರಂಧ್ರಗಳಿಂದ ಇಳಿಯುವ ಬೆಳಕು ನಕ್ಷತ್ರಗಳ ಆಕಾಶವಾಗಿರುತ್ತದೆ. ಹೊರಗೆ ಗುಡಿಸಲು, ಒಳಗೆ ಬ್ರಹ್ಮಾಂಡ. ಈ ಅಚ್ಚರಿಗಾಗಿ ನೋಡುಗನು ಮಂಡಿಯೂರಬೇಕಾಗುತ್ತದೆ, ಅಂದರೆ ಕೂಲಿಕಾರನು ದಿನವೂ ಮಾಡುವುದನ್ನು ಒಂದು ಗಳಿಗೆ ತಾನೂ ಮಾಡಬೇಕಾಗುತ್ತದೆ. ೨೦೦೭ರಲ್ಲಿ ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿ ಅವರು ಊದುಬತ್ತಿಯ ಹಿಟ್ಟನ್ನು ನಾನಾ ಆಕಾರಗಳಲ್ಲಿ ಲಟ್ಟಿಸಿ, ಸುಟ್ಟು, ಉಳಿದ ಬೂದಿಯನ್ನೇ ಕೃತಿಯಾಗಿ ಇರಿಸಿದರು.

೨೦೦೯ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿದ್ದ ‘ಬಿಹೋಲ್ಡ್’ ಈ ಸರಣಿಯ ಶಿಖರ. ಹರಕೆಯ ಮುಡಿಯಿಂದ ಬಂದ ಕೂದಲನ್ನು ಹುರಿಗೊಳಿಸಿ, ದೃಷ್ಟಿ ತಾಗದಂತೆ ವಾಹನಗಳಿಗೆ ಕಟ್ಟುವ ರೂಢಿ ನಮ್ಮಲ್ಲಿದೆ. ಅಂತಹ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗವು ಸುಮಾರು ೨೦ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿ ಹಿಡಿದಿದೆ. ಕಾರಿನ ಉಕ್ಕು ಕೂದಲನ್ನು ಕಾಯುವುದಿಲ್ಲ, ಕೂದಲು ಉಕ್ಕನ್ನು ಕಾಯುತ್ತದೆ ಎಂಬ ಜನಸಾಮಾನ್ಯರ ನಂಬಿಕೆಯನ್ನು ಕೃತಿ ಅಕ್ಷರಶಃ ನಡೆಸಿ ತೋರಿಸುತ್ತದೆ. ಈ ಕೃತಿ ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ೨೦೧೯ರಲ್ಲಿ ಶೀಲಾ ಗೌಡ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಸಂದಿತು.

ಎಲ್.ಎನ್. ತಲ್ಲೂರು: ನಾಣ್ಯದ ನಗೆ

ಶೀಲಾ ಗೌಡ ಅವರಲ್ಲಿ ವಿನೋದ ಅಂತರ್ಮುಖಿಯಾದರೆ, ಕುಂದಾಪುರದ ಬಳಿಯ ಕೋಟೇಶ್ವರದವರಾದ ಎಲ್.ಎನ್. ತಲ್ಲೂರು ಅವರಲ್ಲಿ ಅದು ಬಹಿರಂಗ. ೧೯೭೧ರಲ್ಲಿ ಜನಿಸಿದ ಅವರು ಮೈಸೂರಿನಲ್ಲಿ ಚಿತ್ರಕಲೆ, ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಮಕಾಲೀನ ಕಲೆ ಹೀಗೆ ಮೂರು ಬಗೆಯ ಶಿಕ್ಷಣ ಪಡೆದರು. ಎರಡನೆಯದರ ಛಾಯೆ ಅವರ ಕೃತಿಗಳ ಮೇಲೆ ದಟ್ಟವಾಗಿದೆ. ಗಾಳಿ ತುಂಬಿದರೆ ಎದ್ದು ನಿಲ್ಲುವ ದೇಗುಲವೊಂದನ್ನು ಮಾಡಿ, ಅದು ಇಂಗ್ಲೆಂಡಿನಲ್ಲಿ ಭಾರತಕ್ಕಾಗಿ ತಯಾರಾದುದೆಂದು ಅವರು ಹೆಸರಿಟ್ಟರು. ಪುರಾತನತೆಯನ್ನು ಸರಕಾಗಿ ಆಮದು ಮಾಡಿಕೊಳ್ಳುವ ಮನೋಭಾವಕ್ಕೆ ಇದಕ್ಕಿಂತ ಹಗುರವಾದ ವ್ಯಂಗ್ಯ ಇರಲಾರದು.

ನಾಣ್ಯ ಅವರ ಇಷ್ಟದ ಸಾಮಗ್ರಿ. ‘ಕ್ರೊಮಟೊಫೋಬಿಯಾ’ ಎಂಬ ಕೃತಿಯಲ್ಲಿ ದೊಡ್ಡ ಮರದ ದಿಮ್ಮಿ, ಸುತ್ತಿಗೆಗಳನ್ನು ಇರಿಸಿ, ಬಂದವರು ತಮ್ಮ ಕಿಸೆಯ ನಾಣ್ಯವನ್ನು ಮರಕ್ಕೆ ಬಡಿಯುವಂತೆ ಆಹ್ವಾನಿಸಲಾಗಿತ್ತು. ಹರಕೆಯ ಮರಕ್ಕೆ ನಾಣ್ಯ ಹೊಡೆಯುವ ರೂಢಿಯನ್ನು ಅದು ನೆನಪಿಸುತ್ತದೆ. ಹಣದ ಭಯವನ್ನು ಹಣ ಕೊಟ್ಟೇ ಕಳೆದುಕೊಳ್ಳುವ ಈ ಆಟದಲ್ಲಿ ಜನ ಉತ್ಸಾಹದಿಂದ ಪಾಲ್ಗೊಂಡರು. ೨೦೧೦ರ ಇನ್ನೊಂದು ಕೃತಿಯಲ್ಲಿ ನಾಣ್ಯಗಳನ್ನು ಉಜ್ಜಿ ಹೊಳಪಿಸುವ ಯಂತ್ರವಿತ್ತು. ನಾಣ್ಯಕ್ಕೆ ನಾಗರಿಕತೆ ಕಲಿಸಲಾಗುತ್ತದೆ ಎಂಬ ಧಾಟಿಯಲ್ಲಿ ಅದು ನೋಡುಗನನ್ನು ಕರೆಯುತ್ತಿತ್ತು. ೨೦೧೧ರ ‘ಯೂನಿಕೋಡ್’ ಕೃತಿಯಲ್ಲಿ ನಟರಾಜನ ಕಂಚಿನ ಪ್ರಭಾವಳಿ ಹಾಗೆಯೇ ಇದೆ, ಒಳಗೆ ನಟರಾಜನಿಲ್ಲ. ಅವನ ಸ್ಥಾನದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಉಂಡೆಯಿದೆ. ಕಂಚಿನ ಎರಕದ ಪಾರಂಪರಿಕ ಕೌಶಲವನ್ನು ಗೌರವದಿಂದ ಬಳಸಿಕೊಂಡೇ ಅದರ ಮಾರುಕಟ್ಟೆಯನ್ನು ಪರಿಹಾಸ ಮಾಡುವ ಈ ರೀತಿ ವಿಶಿಷ್ಟವಾದುದು. ಮುಂಬಯಿಯ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನಕ್ಕಾಗಿ ೨೦೧೨ನೆಯ ಸಾಲಿನ ಸ್ಕೋಡಾ ಪ್ರಶಸ್ತಿ ಅವರಿಗೆ ದೊರೆಯಿತು. ೨೦೧೯ರಲ್ಲಿ ಅವರು ಜುನಾಗಢದ ವಸ್ತುಸಂಗ್ರಹಾಲಯದ ಹಳೆಯ ರತ್ನಗಂಬಳಿಯ ಧೂಳು ಜಾಡಿಸುವ ದೃಶ್ಯವನ್ನು ಮಂದಗತಿಯಲ್ಲಿ ಚಿತ್ರೀಕರಿಸಿದರು. ಅಲ್ಲಿ ಸಾಮಗ್ರಿಯೆಂದರೆ ಧೂಳು, ಇತಿಹಾಸವೆಂದರೂ ಅದೇ.

ಹರ್ಷ, ನವೀನ್ ಥಾಮಸ್, ಪುಷ್ಪಮಾಲಾ

ಮೈಸೂರಿನ ಎನ್.ಎಸ್. ಹರ್ಷ ಮುಖ್ಯವಾಗಿ ವರ್ಣಚಿತ್ರಕಾರರು. ಸಾಲುಸಾಲಾಗಿ ಕುಳಿತು ಉಣ್ಣುವ, ಮಲಗುವ, ಆಕಾಶ ನೋಡುವ ನೂರಾರು ಪುಟ್ಟ ಮನುಷ್ಯರನ್ನು ಚಿತ್ರಿಸಿ ಹೆಸರಾದವರು. ೨೦೦೭ರಲ್ಲಿ ಅವರು ‘ನೇಷನ್ಸ್’ ಎಂಬ ಕೃತಿಯನ್ನು ರಚಿಸಿದರು. ಆಗ ವಿಶ್ವಸಂಸ್ಥೆಯಲ್ಲಿ ೧೯೨ ಸದಸ್ಯ ರಾಷ್ಟ್ರಗಳಿದ್ದವು. ೧೯೨ ಹೊಲಿಗೆ ಯಂತ್ರಗಳ ಮೇಲೆ ಅಷ್ಟು ಧ್ವಜಗಳು, ಯಂತ್ರದಿಂದ ಯಂತ್ರಕ್ಕೆ ಸಿಕ್ಕುಬಿದ್ದ ದಾರಗಳು. ಧ್ವಜವನ್ನು ಎಲ್ಲರೂ ವಂದಿಸುತ್ತಾರೆ, ಅದನ್ನು ಹೊಲಿದವರು ಯಾರು ಎಂಬ ಪ್ರಶ್ನೆ ಕೃತಿಯೊಳಗೆ ತಾನಾಗಿ ಏಳುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಸಾವಿರಗಟ್ಟಲೆ ದುಡಿಯುವ ರಾಜ್ಯದಿಂದ ಈ ಪ್ರಶ್ನೆ ಬಂದುದು ಆಕಸ್ಮಿಕವಲ್ಲ. ೨೦೦೮ರಲ್ಲಿ ಟೋಕಿಯೋದಲ್ಲಿ ಅವರು ಬಾಳೆಯೆಲೆಯ ಊಟದ ಪಂಕ್ತಿಯನ್ನು ರಚಿಸಿದರು. ಅಲ್ಲಿನ ಹೋಟೆಲುಗಳ ಕಿಟಕಿಗಳಲ್ಲಿ ಇಡುವ ಕೃತಕ ತಿನಿಸಿನ ಮಾದರಿಯಲ್ಲಿ ಅನ್ನ, ಪಲ್ಯ, ಎಲೆಗಳನ್ನು ತಯಾರಿಸಲಾಗಿತ್ತು. ಉಂಡು ಬಿಟ್ಟ ಎಲೆಗಳಂತೆ ಕಾಣುವ ಅವುಗಳಲ್ಲಿ ಪ್ರತಿ ಎಲೆಯೂ ಉಂಡವನ ಸ್ವಭಾವವನ್ನು ಹೇಳುತ್ತದೆ. ಅದೇ ವರ್ಷ ಅವರು ವೇಲ್ಸ್‌ನ ಆರ್ಟೆಸ್ ಮುಂಡಿ ಬಹುಮಾನಕ್ಕೆ ಪಾತ್ರರಾದರು.

ಬೆಂಗಳೂರಿನ ನವೀನ್ ಥಾಮಸ್ ಗುಜರಿಗೆ ಸೇರಿದ ವಿದ್ಯುನ್ಮಾನ ವಸ್ತುಗಳನ್ನು, ಹಳೆಯ ರೇಡಿಯೋ ಭಾಗಗಳನ್ನು ಸೇರಿಸಿ ಧ್ವನಿಶಿಲ್ಪಗಳನ್ನು ರೂಪಿಸಿದರು. ೨೦೧೧ನೆಯ ಸಾಲಿನ ಸ್ಕೋಡಾ ಪ್ರಶಸ್ತಿ ಅವರಿಗೆ ಸಂದಿತ್ತು. ಮಾಹಿತಿ ತಂತ್ರಜ್ಞಾನದ ನಗರದಲ್ಲಿ ಆ ತಂತ್ರಜ್ಞಾನದ ಕಸವೇ ಕಲೆಯಾದುದು ಕಾಲಕ್ಕೆ ತಕ್ಕ ಬೆಳವಣಿಗೆ. ಸುಡುಮಣ್ಣಿನ ಶಿಲ್ಪಗಳಿಂದ ಆರಂಭಿಸಿದ ಎನ್. ಪುಷ್ಪಮಾಲಾ ತೊಂಬತ್ತರ ದಶಕದ ನಡುವೆ ತಮ್ಮ ದೇಹ ಮತ್ತು ವೇಷವನ್ನೇ ಸಾಮಗ್ರಿಯಾಗಿಸಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ೨೦೦೦ದಿಂದ ೨೦೦೪ರವರೆಗೆ ಮಾಡಿದ ಸರಣಿಯಲ್ಲಿ ದಕ್ಷಿಣ ಭಾರತದ ಸ್ತ್ರೀಯರ ಪ್ರಸಿದ್ಧ ಚಿತ್ರಗಳನ್ನು, ರವಿವರ್ಮನ ಕೃತಿಯಿಂದ ಹಿಡಿದು ಬಿಜಾಪುರದ ಯೋಗಿನಿಯವರೆಗೆ, ತಾವೇ ವೇಷ ತೊಟ್ಟು ಮರುರೂಪಿಸಿದರು. ಬಣ್ಣದ ಪರದೆ, ಕೃತಕ ಆಭರಣ, ಬಿಗಿದ ಭಂಗಿ ಇವೆಲ್ಲ ಕಂಪನಿ ನಾಟಕದ ರಂಗಸಜ್ಜಿಕೆಯನ್ನು ನೆನಪಿಗೆ ತರುತ್ತವೆ.

ಬೀದಿಗಿಳಿದ ಕಲೆ

ಮೇಲಿನ ಕೃತಿಗಳಲ್ಲಿ ಹೆಚ್ಚಿನವು ಗ್ಯಾಲರಿಗಳಲ್ಲಿ, ಅದರಲ್ಲಿಯೂ ಹೊರದೇಶದ ಗ್ಯಾಲರಿಗಳಲ್ಲಿ ಕಂಡವು. ಇದಕ್ಕೆ ಅಪವಾದವಾಗಿ ಮೈಸೂರಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ತಮ್ಮ ಕೃತಿಗಳನ್ನು ರಸ್ತೆಯಲ್ಲಿಯೇ ಇರಿಸಿದರು. ೨೦೧೫ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಬಹುದಿನಗಳಿಂದ ದುರಸ್ತಿಯಾಗದ ದೊಡ್ಡ ಗುಂಡಿಯನ್ನು ಹಸಿರು ನೀರಿನ ಕೊಳದಂತೆ ಬಣ್ಣಿಸಿ, ಅದರಲ್ಲಿ ಜೀವಂತವೆನ್ನಿಸುವ ಮೊಸಳೆಯೊಂದನ್ನು ಬಿಟ್ಟರು. ಜನ ನಿಂತು ನೋಡಿದರು, ಪತ್ರಿಕೆಗಳು ವರದಿ ಮಾಡಿದವು, ಗುಂಡಿ ಮುಚ್ಚಿತು. ೨೦೧೯ರ ಸೆಪ್ಟೆಂಬರ್ ಆರಂಭದಲ್ಲಿ, ಚಂದ್ರಯಾನ-೨ರ ವಿಕ್ರಮ್ ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಬೆಂಗಳೂರಿನ ಹೇರೋಹಳ್ಳಿಯ ಕಡೆಯ ಹದಗೆಟ್ಟ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟನೊಬ್ಬ ನಿಧಾನವಾಗಿ ಹೆಜ್ಜೆಯಿಡುವ ದೃಶ್ಯವನ್ನು ಅವರು ಚಿತ್ರೀಕರಿಸಿದರು. ಚಂದ್ರನ ನೆಲವೆಂದು ನಂಬಿದ ನೋಡುಗನಿಗೆ, ಪಕ್ಕದಲ್ಲಿ ಆಟೋರಿಕ್ಷಾವೊಂದು ಹಾದುಹೋದಾಗ ನಿಜ ತಿಳಿಯುತ್ತದೆ. ಅಧಿಕಾರಿಗಳು ರಸ್ತೆ ದುರಸ್ತಿಗೆ ಮುಂದಾದರು.

ಇಲ್ಲಿ ಕೃತಿಯ ಸಾಮಗ್ರಿ ಆಡಳಿತದ ಲೋಪವೇ. ಗುಂಡಿ ಮುಚ್ಚಿದ ಕ್ಷಣ ಕೃತಿ ಅಳಿಯುತ್ತದೆ, ಅದೇ ಅದರ ಸಾರ್ಥಕ್ಯ. ಜೋಕುಮಾರನು ಅಳಿದ ಮೇಲೆಯೇ ಮಳೆ ಬರುವುದೆಂಬ ನಂಬಿಕೆಯೊಡನೆ ಇದನ್ನು ಹೋಲಿಸಿ ನೋಡಬಹುದು. ಎರಡೂ ಕಡೆ ನಗೆಯ ಹಿಂದೆ ಒಂದು ಬೇಡಿಕೆಯಿದೆ, ಎರಡೂ ಕಡೆ ರೂಪದ ಅಳಿವು ಫಲದ ಷರತ್ತು.

ಆಕ್ಷೇಪಗಳು ಮತ್ತು ಅವುಗಳ ಪರಿಶೀಲನೆ

ಈ ಕಲೆಯ ಬಗೆಗೆ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಇದರಲ್ಲಿ ಕೌಶಲವಿಲ್ಲ ಎಂಬುದು ಮೊದಲನೆಯದು. ನೂರಾರು ಅಡಿ ದಾರವನ್ನು ಸೂಜಿಗೆ ಪೋಣಿಸುವ, ಕಂಚನ್ನು ಎರಕ ಹೊಯ್ಯಿಸುವ, ತಗಡಿಗೆ ನಕ್ಷತ್ರ ಕೊರೆಯುವ ಕೆಲಸಗಳನ್ನು ಗಮನಿಸಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಕೌಶಲ ಕಡಿಮೆಯಾಗಿಲ್ಲ, ಅದು ಕುಂಚದಿಂದ ಬೇರೆ ಕಸುಬುಗಳಿಗೆ ಹೋಗಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಸಗಣಿ ತಟ್ಟುವವಳು, ಊದುಬತ್ತಿ ಹೊಸೆಯುವವಳು, ಕೂದಲು ಹುರಿಗೊಳಿಸುವವನು ಅನಾಮಿಕರಾಗಿ ಉಳಿಯುತ್ತಾರೆ. ಅದೇ ಸಾಮಗ್ರಿ ಕಲಾವಿದನ ಹೆಸರಿನಲ್ಲಿ ವಿದೇಶದ ಸಂಗ್ರಹ ಸೇರುತ್ತದೆ. ಇದು ನಿರಾಕರಿಸಲಾಗದ ಸತ್ಯ. ಬಾಗಳಿ, ಕುರುವತ್ತಿಗಳ ಶಿಲ್ಪಿಗಳಲ್ಲಿ ಬಹುತೇಕರ ಹೆಸರು ಉಳಿಯಲಿಲ್ಲವೆಂಬ ಮಾತು ಇದಕ್ಕೆ ಸಮಾಧಾನವಾಗಲಾರದು. ಆದರೆ ಶ್ರೇಷ್ಠ ಕೃತಿಗಳು ಈ ದುಡಿಮೆಯನ್ನು ಮರೆಮಾಚುವುದಿಲ್ಲ. ಶೀಲಾ ಗೌಡ ಅವರ ಹಗ್ಗದಲ್ಲಿಯೂ ಹರ್ಷ ಅವರ ಯಂತ್ರಗಳಲ್ಲಿಯೂ ಕಣ್ಣಿಗೆ ಮೊದಲು ಬೀಳುವುದು ಕೆಲಸ, ಎಷ್ಟು ಜನ ಎಷ್ಟು ಹೊತ್ತು ಮಾಡಿದ ಕೆಲಸ ಎಂಬುದು. ಸಾಮಗ್ರಿಯ ಮೂಲವನ್ನು ದಾಖಲಿಸುವ ಹೊಣೆ ಮಾತ್ರ ಕಲಾವಿದನದಷ್ಟೇ ಅಲ್ಲ, ಇತಿಹಾಸಕಾರನದೂ ಹೌದು.

ಮೂರನೆಯದು ಉಳಿವಿನ ಪ್ರಶ್ನೆ. ಸಗಣಿಗೆ ಹುಳು ಹಿಡಿಯುತ್ತದೆ, ಕುಂಕುಮ ಮಾಸುತ್ತದೆ, ಬೂದಿ ಉದುರುತ್ತದೆ. ವಿದೇಶದ ಸಂಗ್ರಹಾಲಯಗಳು ಇಂತಹ ಕೃತಿಗಳ ಜೊತೆಗೆ ಮರುಜೋಡಣೆಯ ಸೂಚನೆ, ಛಾಯಾಚಿತ್ರ, ಕಲಾವಿದರ ಹೇಳಿಕೆಗಳನ್ನೂ ಕಾಪಿಡುತ್ತವೆ. ಕೆಂಪು ಹಗ್ಗದ ಕೃತಿ ಪ್ರತಿ ಕೋಣೆಯಲ್ಲಿ ಬೇರೆ ರೇಖೆಯಾಗಿ ಹರಿಯುತ್ತದೆ. ಅದರ ಇತಿಹಾಸವೆಂದರೆ ಆ ಎಲ್ಲ ಹರಿವುಗಳ ದಾಖಲೆ. ಇಂತಹ ದಾಖಲೆ ನಾಡಿನೊಳಗೆ ಕನ್ನಡದಲ್ಲಿ ಸಿದ್ಧವಾಗದಿದ್ದರೆ, ಮುಂದಿನ ಸಂಶೋಧಕನು ಭದ್ರಾವತಿಯ, ಕೋಟೇಶ್ವರದ, ಮೈಸೂರಿನ ಕಲಾವಿದರನ್ನು ಲಂಡನ್ ಮತ್ತು ಮ್ಯೂನಿಕ್‌ಗಳ ಸೂಚಿಗಳಿಂದ ತಿಳಿಯಬೇಕಾಗುತ್ತದೆ. ಅಲ್ಲಿ ಕುಂಕುಮ ಒಂದು ಬಣ್ಣದ ಪುಡಿ, ಸಗಣಿ ಒಂದು ಜೈವಿಕ ವಸ್ತು ಎಂದಷ್ಟೇ ನಮೂದಾಗುವ ಅಪಾಯವಿದೆ. ಸಾಮಗ್ರಿಯ ಅರ್ಥ ಅದರ ಹೆಸರಿನಲ್ಲಿದೆ; ಹೆಸರು ಭಾಷೆಯಲ್ಲಿದೆ.

ಉಪಸಂಹಾರ

ಸಮಕಾಲೀನ ಕಲೆ ಮತ್ತು ಜನಪದ ಆಚರಣೆ ಒಂದೇ ಅಲ್ಲ. ಮಣ್ಣೆತ್ತು ಮಾಡುವ ಮನೆಯವರು ವರ್ಷವೂ ಅದನ್ನೇ ಮಾಡುತ್ತಾರೆ. ಕಲಾವಿದನು ಒಮ್ಮೆ ಮಾಡಿದುದನ್ನು ಮತ್ತೆ ಮಾಡಲು ಹಿಂಜರಿಯುತ್ತಾನೆ. ಆಚರಣೆಯಲ್ಲಿ ನಂಬಿಕೆ ಮೊದಲು, ಕಲೆಯಲ್ಲಿ ಪ್ರಶ್ನೆ ಮೊದಲು. ಈ ಭೇದವನ್ನು ಅಳಿಸುವುದರಿಂದ ಇಬ್ಬರಿಗೂ ನ್ಯಾಯವಾಗದು. ಆದರೆ ಸಾಮಗ್ರಿಯನ್ನು ಮೇಲು ಕೀಳೆಂದು ಎಣಿಸದ ಧೈರ್ಯ, ಅಳಿವನ್ನು ಅಂಜದ ಮನಸ್ಸು, ಗಂಭೀರವಾದುದನ್ನು ನಗುತ್ತ ಹೇಳುವ ಜಾಣ್ಮೆ ಇವೆರಡಕ್ಕೂ ಸಮಾನ. ಇವನ್ನು ಕರ್ನಾಟಕದ ಕಲಾವಿದರು ಹೊರಗಿನಿಂದ ಮಾತ್ರ ಕಲಿತರೆನ್ನುವುದು ಚರಿತ್ರೆಯನ್ನು ಅರ್ಧ ಹೇಳಿದಂತೆ.

ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ೨೦೦೯ರಲ್ಲಿ ಆರಂಭವಾಯಿತು. ಕೂಡ್ಲಿಗಿಯ ವಿದ್ಯಾರ್ಥಿಗೆ ಅದು ಸುಮಾರು ೩೦೦ ಕಿಲೋಮೀಟರ್ ದೂರ. ೧೯೯೧ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಈ ಐದು ತಾಲ್ಲೂಕುಗಳಿಗೆ ಹತ್ತಿರದಲ್ಲಿದೆ. ಅಕಾಡೆಮಿಗಳು ಹಾಗೂ ವಿಶ್ವವಿದ್ಯಾಲಯ ಕೂಡಿ ಎರಡು ಕೆಲಸಗಳನ್ನು ಕೈಗೊಳ್ಳುವುದು ಸಾಧ್ಯ. ಗುಳ್ಳವ್ವ, ಜೋಕುಮಾರ, ಸಗಣಿಯ ಪಾಂಡವರನ್ನು ಮಾಡುವವರ ಹೆಸರು, ಊರು, ಸಾಮಗ್ರಿ, ವಿಧಾನಗಳನ್ನು ಕಲಾಕೃತಿಗಳನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ದಾಖಲಿಸುವುದು ಒಂದು. ಸಮಕಾಲೀನ ಕೃತಿಗಳನ್ನು, ಇಲ್ಲವೇ ಅವುಗಳ ಮರುಜೋಡಣೆಗಳನ್ನು, ಹಡಗಲಿ, ಕೊಟ್ಟೂರುಗಳಂತಹ ಊರುಗಳ ಜಾತ್ರೆಯ ಬಯಲಿಗೆ, ಕಾಲೇಜಿನ ಅಂಗಳಕ್ಕೆ ತರುವುದು ಇನ್ನೊಂದು. ಕೂದಲ ಹಗ್ಗದಿಂದ ತೂಗುವ ಉಕ್ಕಿನ ಬಂಪರನ್ನು ಕಂಡು ವೆನಿಸ್ಸಿನ ನೋಡುಗನಿಗೆ ವಿವರಣೆ ಬೇಕಾಗಬಹುದು. ಹರಪನಹಳ್ಳಿಯ ಲಾರಿ ಚಾಲಕನಿಗೆ ಅದರ ಅಗತ್ಯವಿಲ್ಲ. ಕೃತಿಯ ಅತ್ಯುತ್ತಮ ವಿಮರ್ಶಕ ಅವನೇ ಆಗಬಹುದು. ಕೃತಿಯನ್ನು ಅವನ ಊರಿಗೆ ಮುಟ್ಟಿಸುವ ಏರ್ಪಾಡು ಆಗಬೇಕಾಗಿದೆ.